ಊರಿನ ಹೆಸರು ಹೊತ್ತ ಡಾಲರ್: ಅಮೆರಿಕದ ಸಣ್ಣ ಊರುಗಳ ಬ್ಯಾಂಕ್ ನೋಟು ಸಂಗ್ರಹಿಸುವುದು ಹೇಗೆ?

ಪೆನ್ಸಿಲ್ವೇನಿಯಾದ ಬೆಟ್ಟಗಳ ನಡುವೆ ಮಾಕ್ ಚಂಕ್ ಅಂತ ಒಂದು ಕಲ್ಲಿದ್ದಲಿನ ಊರಿತ್ತು. ಊರು ಈಗಲೂ ಇದೆ, ಹೆಸರು ಮಾತ್ರ ಇಲ್ಲ. 1954ರಲ್ಲಿ ಅದು ಪ್ರಸಿದ್ಧ ಕ್ರೀಡಾಪಟು ಜಿಮ್ ಥೋರ್ಪ್ ಹೆಸರು ಇಟ್ಟುಕೊಂಡಿತು. ಹಳೆಯ ಹೆಸರು ಈಗ ನೋಡಲು ಸಿಗುವ ಜಾಗಗಳಲ್ಲಿ ಒಂದು ಡಾಲರ್ ನೋಟು. ‘ಫಸ್ಟ್ ನ್ಯಾಷನಲ್ ಬ್ಯಾಂಕ್ ಆಫ್ ಮಾಕ್ ಚಂಕ್’ ಅಂತ ನೋಟಿನ ಮುಖದ ಮೇಲೇ ಅಚ್ಚಾಗಿದೆ. ಅದು ನಕಲಿ ಹಣ ಅಲ್ಲ, ಆಟದ ಹಣವೂ ಅಲ್ಲ. ಅಮೆರಿಕ ಸರ್ಕಾರವೇ ಅಚ್ಚು ಹಾಕಿಸಿ, ಬ್ಯಾಂಕಿಗೆ ಕೊಟ್ಟು, ಚಲಾವಣೆಗೆ ಬಿಟ್ಟ ಹಣ.

ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ ಉಡುಪಿಯಲ್ಲಿ ಹುಟ್ಟಿತು, ಆದರೆ ನೋಟಿನ ಮೇಲೆ ಉಡುಪಿ ಅಂತ ಯಾವತ್ತೂ ಅಚ್ಚಾಗಲಿಲ್ಲ. ಅಮೆರಿಕದಲ್ಲಿ 12 ಸಾವಿರಕ್ಕೂ ಹೆಚ್ಚು ಬ್ಯಾಂಕುಗಳು ತಮ್ಮ ಊರಿನ ಹೆಸರಿನಲ್ಲಿ ನೋಟು ಬಿಟ್ಟವು. ಇವುಗಳನ್ನು ‘ನ್ಯಾಷನಲ್ ಬ್ಯಾಂಕ್ ನೋಟು’ ಅನ್ನುತ್ತಾರೆ. ಸಂಗ್ರಾಹಕರ ಬಾಯಲ್ಲಿ ಬರೀ ‘ನ್ಯಾಷನಲ್’.

ನಾನು ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದ ಮೇಲೆ ಈ ಹುಚ್ಚು ಹತ್ತಿತು. ಮೊದಲ ಎರಡು ವರ್ಷ ದುಡ್ಡು ಕಳೆದುಕೊಂಡೇ ಕಲಿತೆ. ನಿಮಗೆ ಅಷ್ಟು ಖರ್ಚಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ

1863ಕ್ಕೂ ಮುಂಚೆ ಅಮೆರಿಕದಲ್ಲಿ ರಾಜ್ಯ ಸರ್ಕಾರಗಳ ಪರವಾನಗಿ ಪಡೆದ ಬ್ಯಾಂಕುಗಳು ತಮಗೆ ಬೇಕಾದ ಹಾಗೆ ನೋಟು ಅಚ್ಚು ಹಾಕಿಸುತ್ತಿದ್ದವು. ಬ್ಯಾಂಕ್ ಮುಳುಗಿದರೆ ನೋಟು ಬರೀ ಕಾಗದ. ಅಂತರ್ಯುದ್ಧದ ನಡುವೆ ಲಿಂಕನ್ ಸರ್ಕಾರಕ್ಕೆ ಎರಡು ಬೇಕಿದ್ದವು: ಸಾಲಪತ್ರ (ಬಾಂಡ್) ಕೊಳ್ಳುವವರು, ಮತ್ತು ದೇಶಕ್ಕೆಲ್ಲ ಒಂದೇ ಥರದ ಹಣ. 1863ರ ಫೆಬ್ರವರಿ 25ರ ಕಾನೂನು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿತು. ಬ್ಯಾಂಕು ಸರ್ಕಾರಿ ಬಾಂಡ್ ಕೊಂಡು ಖಜಾನೆಯಲ್ಲಿ ಅಡವಿಡಬೇಕು. ಆ ಬಾಂಡಿನ ಬೆಲೆಯ 90 ಪರ್ಸೆಂಟಿನಷ್ಟು ನೋಟು ಅದಕ್ಕೆ ಸಿಗುತ್ತದೆ. 1865ರಲ್ಲಿ ರಾಜ್ಯ ಬ್ಯಾಂಕುಗಳ ನೋಟಿನ ಮೇಲೆ 10 ಪರ್ಸೆಂಟ್ ತೆರಿಗೆ ಹಾಕುವ ಕಾನೂನು ಬಂತು. ಹಳೆಯ ನೋಟುಗಳ ಕಥೆ ಅಲ್ಲಿಗೆ ಮುಗಿಯಿತು.

ಸಣ್ಣ ಊರುಗಳಿಗೆ ಬಾಗಿಲು ತೆರೆದದ್ದು 1900ರ ಕಾನೂನು. ಅದಕ್ಕೂ ಮುಂಚೆ ಎಷ್ಟು ಸಣ್ಣ ಊರಿನಲ್ಲಾದರೂ ನ್ಯಾಷನಲ್ ಬ್ಯಾಂಕ್ ತೆರೆಯಲು 50,000 ಡಾಲರ್ ಬಂಡವಾಳ ಬೇಕಿತ್ತು. ಹೊಸ ಕಾನೂನಿನಲ್ಲಿ 3,000 ಜನಸಂಖ್ಯೆ ಮೀರದ ಊರಿಗೆ 25,000 ಸಾಕು ಅಂತಾಯಿತು. ಬಾಂಡಿನ ಪೂರ್ತಿ ಬೆಲೆಗೆ ನೋಟು ಕೊಡುವುದಾಗಿಯೂ ಆಯಿತು. ಮುಖ್ಯರಸ್ತೆಯಲ್ಲಿ ಒಂದು ಚರ್ಚು, ಒಂದು ಕಿರಾಣಿ ಅಂಗಡಿ ಮಾತ್ರ ಇದ್ದ ಊರುಗಳಲ್ಲೂ ‘ಫಸ್ಟ್ ನ್ಯಾಷನಲ್ ಬ್ಯಾಂಕ್’ ಬೋರ್ಡು ಎದ್ದಿತು. 1935ರಲ್ಲಿ ಖಜಾನೆ ಆ ಬಾಂಡುಗಳನ್ನು ವಾಪಸ್ ಪಡೆಯಿತು. ಅಡವಿಡಲು ಬಾಂಡೇ ಇಲ್ಲದ ಮೇಲೆ ನೋಟೂ ನಿಂತಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಬೆಲೆ ಅರ್ಥವಾಗಲು ಇದು ಬೇಕು. ಬ್ಯಾಂಕ್ ಮುಳುಗಿದರೂ ನ್ಯಾಷನಲ್ ನೋಟಿಗೆ ಖಜಾನೆ ಪೂರ್ತಿ ದುಡ್ಡು ಕೊಡುತ್ತಿತ್ತು. ಹಾಗಾಗಿ ಜನ ಇವನ್ನು ಖರ್ಚು ಮಾಡಿ ಮುಗಿಸಿದರು, ಸವೆದವು ಖಜಾನೆಗೆ ಹೋಗಿ ನಾಶವಾದವು. 1863ಕ್ಕೂ ಮುಂಚಿನ ನೋಟುಗಳದ್ದು ಉಲ್ಟಾ ಕಥೆ. ಬೆಲೆ ಇಲ್ಲದ್ದಕ್ಕೇ ಪೆಟ್ಟಿಗೆಯಲ್ಲಿ ಬಿದ್ದಿದ್ದು ಉಳಿದುಕೊಂಡವು. ಅದಕ್ಕೇ 1850ರ ದಶಕದ ಚೆಂದದ ನೋಟು ಎಷ್ಟೋ ಸಲ 1920ರ ದಶಕದ ಸಣ್ಣ ಊರಿನ ನೋಟಿಗಿಂತ ಅಗ್ಗಕ್ಕೆ ಸಿಗುತ್ತದೆ. ಹಳೆಯದು ಅಂದ ಮಾತ್ರಕ್ಕೆ ದುಬಾರಿ ಅಂದುಕೊಳ್ಳಬೇಡಿ.

ಹೆಜ್ಜೆ 1: ಊರು ಆರಿಸಿಕೊಳ್ಳಿ

ಹೊಸಬರು ಮಾಡುವ ದೊಡ್ಡ ತಪ್ಪು ಅಂದರೆ ಸಿಕ್ಕಿದ್ದೆಲ್ಲ ಕೊಳ್ಳುವುದು. ಹತ್ತು ರಾಜ್ಯಗಳ ಹತ್ತು ನೋಟು ಸೇರಿದರೆ ಅದು ರಾಶಿ, ಸಂಗ್ರಹ ಅಲ್ಲ. ಒಂದು ಗಡಿ ಹಾಕಿಕೊಳ್ಳಿ. ನೀವಿರುವ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಇರಬಹುದು, ಮಗಳು ಓದುತ್ತಿರುವ ಊರು ಇರಬಹುದು, ಒಂದೇ ರೈಲು ದಾರಿಯ ಊರುಗಳಾದರೂ ಆದೀತು. ವಿಚಿತ್ರ ಹೆಸರಿನ ಊರುಗಳನ್ನಷ್ಟೇ ಹುಡುಕುವವರಿದ್ದಾರೆ. ಮಹಿಳೆಯರು ಅಧ್ಯಕ್ಷರೋ ಕ್ಯಾಷಿಯರೋ ಆಗಿ ಸಹಿ ಹಾಕಿದ ನೋಟುಗಳನ್ನಷ್ಟೇ ಕೂಡಿಸುವವರೂ ಇದ್ದಾರೆ.

ರಾಜ್ಯ ಆರಿಸುವಾಗ ಜೇಬು ನೋಡಿಕೊಳ್ಳಿ. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್, ಒಹಾಯೊ, ಇಲಿನಾಯ್‌ಗಳಲ್ಲಿ ಬ್ಯಾಂಕುಗಳು ಜಾಸ್ತಿ, ನೋಟೂ ಸಿಗುತ್ತವೆ. ಅಲಾಸ್ಕಾ, ನೆವಾಡಾ, ಅರಿಜೋನಾ, ವಯೋಮಿಂಗ್ ನೋಟು ಅಂದರೆ ಶುರುವಿನಲ್ಲೇ ಕೈ ಸುಟ್ಟುಕೊಳ್ಳುವ ದಾರಿ.

ಹೆಜ್ಜೆ 2: ನೋಟು ಓದಲು ಕಲಿಯಿರಿ

ಇದಕ್ಕೆ ಸಮಯ ಕೊಡಿ. ದುಡ್ಡು ತೆಗೆಯುವ ಮುಂಚೆ ಕಡಿಮೆ ಅಂದರೂ ಒಂದು ತಿಂಗಳು ಬರೀ ಚಿತ್ರ ನೋಡಿ.

ಮೊದಲು ಗಾತ್ರ. 1929ರ ಜುಲೈವರೆಗೆ ಅಮೆರಿಕದ ನೋಟುಗಳು ದೊಡ್ಡವು, ಸುಮಾರು 189 ಮಿ.ಮೀ. ಉದ್ದ, 79 ಮಿ.ಮೀ. ಅಗಲ. ಕುದುರೆಗೆ ಹೊದಿಸುವ ಕಂಬಳಿಗೆ ಹೋಲಿಸಿ ‘ಹಾರ್ಸ್ ಬ್ಲಾಂಕೆಟ್’ ಅಂತ ತಮಾಷೆ ಮಾಡುತ್ತಾರೆ. ಆಮೇಲೆ ಬಂದವು ಈಗಿನ ಡಾಲರ್ ಗಾತ್ರದವು.

ದೊಡ್ಡ ನೋಟುಗಳಲ್ಲಿ ಮೂರು ಕಾಲಘಟ್ಟ. ಮೊದಲನೆಯದು 1863ರಿಂದ. ಅದರಲ್ಲಿ 1 ಮತ್ತು 2 ಡಾಲರ್ ನೋಟೂ ಇದ್ದವು, 1879ರ ಸುಮಾರಿಗೆ ಅವು ನಿಂತವು. 2 ಡಾಲರ್ ನೋಟಿನ ಮೇಲೆ ದೊಡ್ಡ ‘2’ ಅಂಕಿ ಅಡ್ಡಡ್ಡ ಮಲಗಿದೆ. ಅದಕ್ಕೇ ಅದರ ಹೆಸರು ‘ಲೇಜಿ ಡ್ಯೂಸ್’. ಸೋಮಾರಿ ಎರಡು ಅನ್ನಿ. ಹರಕುಮುರುಕಾದರೂ ಅದರ ಬೆಲೆ ಜಾಸ್ತಿಯೇ. ಎರಡನೆಯದು 1882ರ ಸರಣಿ. ಅದರಲ್ಲಿ ‘ಬ್ರೌನ್ ಬ್ಯಾಕ್’ ಅನ್ನುವುದು ಎಲ್ಲರ ಕಣ್ಮಣಿ. ಹಿಂಬದಿಯಲ್ಲಿ ಕಂದು ಚೌಕಟ್ಟು, ನಡುವೆ ಬ್ಯಾಂಕಿನ ಚಾರ್ಟರ್ ನಂಬರ್, ಅಂದರೆ ಪರವಾನಗಿ ಸಂಖ್ಯೆ, ದೊಡ್ಡದಾಗಿ. ಮೂರನೆಯದು 1902ರ ಸರಣಿ. ಮೊದಲ ಆರು ವರ್ಷ ಖಜಾನೆಯ ಮುದ್ರೆ ಕೆಂಪು, ಆಮೇಲೆ ನೀಲಿ. ಕೆಂಪು ಮುದ್ರೆಯದು ಅಪರೂಪ. ನೀಲಿ ಮುದ್ರೆಯದು, ಅದರಲ್ಲೂ ಹಿಂಬದಿಯಲ್ಲಿ ಇಸವಿ ಇಲ್ಲದ್ದು, ದೊಡ್ಡ ನೋಟುಗಳಲ್ಲೇ ಸುಲಭವಾಗಿ ಸಿಗುವಂಥದ್ದು. ಮೊದಲ ದೊಡ್ಡ ನೋಟಿಗೆ ಅದೇ ಸರಿ.

ನೋಟಿನ ಮೇಲಿನ ತಾರೀಖು ನೋಡಿ ಮೋಸ ಹೋಗಬೇಡಿ. ಅದು ಅಚ್ಚಾದ ದಿನ ಅಲ್ಲ. ಹೆಚ್ಚಾಗಿ ಬ್ಯಾಂಕಿನ ಪರವಾನಗಿ ಸಿಕ್ಕ ಅಥವಾ ಮುಂದುವರಿದ ದಿನದ ಆಸುಪಾಸಿನದು. 1905 ಅಂತ ಬರೆದಿರುವ ನೋಟು 1920ರಲ್ಲಿ ಅಚ್ಚಾಗಿರಬಹುದು. ಪರವಾನಗಿ 20 ವರ್ಷದ್ದು, ಯಾವ ಸರಣಿಯ ನೋಟು ಸಿಗುತ್ತದೆ ಅನ್ನುವುದೂ ಅದರ ಮೇಲೇ ನಿಂತಿತ್ತು. ಹಾಗಾಗಿ ಒಂದೇ ಬೀದಿಯ ಎರಡು ಬ್ಯಾಂಕುಗಳು ಒಂದೇ ವರ್ಷ ಬೇರೆ ಬೇರೆ ಸರಣಿಯ ನೋಟು ಕೊಡುತ್ತಿದ್ದದ್ದೂ ಉಂಟು.

ಇನ್ನು ಸಹಿ. ದೊಡ್ಡ ನೋಟುಗಳು ವಾಷಿಂಗ್ಟನ್ನಿನಿಂದ ಬ್ಯಾಂಕಿಗೆ ಹಾಳೆ ಹಾಳೆಯಾಗಿ ಬರುತ್ತಿದ್ದವು. ಒಂದು ಹಾಳೆಯಲ್ಲಿ ಸಾಮಾನ್ಯವಾಗಿ ನಾಲ್ಕು ನೋಟು. ಕ್ಯಾಷಿಯರ್ ಮತ್ತು ಅಧ್ಯಕ್ಷರು ಪೆನ್ನಿನಲ್ಲಿ ಸಹಿ ಹಾಕಿ, ಅಥವಾ ರಬ್ಬರ್ ಸ್ಟಾಂಪ್ ಒತ್ತಿ, ಕತ್ತರಿಯಲ್ಲಿ ಕತ್ತರಿಸಿ ಗ್ರಾಹಕರಿಗೆ ಕೊಡುತ್ತಿದ್ದರು. ಅದಕ್ಕೇ ಎಷ್ಟೋ ನೋಟುಗಳ ಅಂಚು ಸೊಟ್ಟಗಿರುತ್ತದೆ. ಇಲ್ಲಿ ಕ್ಯಾಷಿಯರ್ ಅಂದರೆ ನಮ್ಮಲ್ಲಿ ಕೌಂಟರಿನಲ್ಲಿ ಕೂತು ದುಡ್ಡು ಎಣಿಸುವವರಲ್ಲ. ಬ್ಯಾಂಕನ್ನು ದಿನವೂ ನಡೆಸುತ್ತಿದ್ದ ಮ್ಯಾನೇಜರ್ ಅವರೇ. ಅಧ್ಯಕ್ಷರು ಎಷ್ಟೋ ಕಡೆ ಊರಿನ ದೊಡ್ಡ ಜಮೀನ್ದಾರರೋ, ಮರದ ಮಿಲ್ಲಿನ ಮಾಲೀಕರೋ ಆಗಿರುತ್ತಿದ್ದರು.

ಶುರು ಮಾಡಲು ನನ್ನ ಸಲಹೆ 1929ರ ಸಣ್ಣ ನೋಟು. 5ರ ಮೇಲೆ ಲಿಂಕನ್, 10ರ ಮೇಲೆ ಹ್ಯಾಮಿಲ್ಟನ್, 20ರ ಮೇಲೆ ಜಾಕ್ಸನ್. ಮುದ್ರೆ ಮತ್ತು ಸೀರಿಯಲ್ ನಂಬರ್ ಕಂದು, ಬ್ಯಾಂಕಿನ ಹೆಸರು, ಊರು, ಸಹಿ ಕಪ್ಪು. ಸಹಿಯೂ ಅಚ್ಚಿನದೇ. ಇದರಲ್ಲಿ ಎರಡು ಬಗೆ. ನನ್ನ ಮೇಜಿನ ಮೇಲಿರುವ ಒಂದು 10 ಡಾಲರ್ ನೋಟನ್ನೇ ತೋರಿಸುತ್ತೇನೆ.

ಸೀರಿಯಲ್ ನಂಬರ್ ‘ಸಿ000412ಎ’. ಕೊನೆಯಲ್ಲಿ ‘ಎ’ ಇದೆ. ಎಡ ಬಲ ತುದಿಗಳಲ್ಲಿ ಚಾರ್ಟರ್ ನಂಬರ್ ಕಪ್ಪು ಬಣ್ಣದಲ್ಲಿ, ಉದ್ದುದ್ದಕ್ಕೆ ನಿಂತಿದೆ. ಇಷ್ಟಿದ್ದರೆ ಟೈಪ್ 1. ಈ ಬಗೆಯಲ್ಲಿ ಒಂದು ಹಾಳೆಗೆ ಆರು ನೋಟು, ಆರಕ್ಕೂ ಒಂದೇ ನಂಬರ್, ಮುಂದಿನ ಅಕ್ಷರ ಮಾತ್ರ ಮೇಲಿನಿಂದ ಕೆಳಕ್ಕೆ ಎ, ಬಿ, ಸಿ, ಡಿ, ಇ, ಎಫ್. ಅಂದರೆ ನನ್ನ ನೋಟು ಆ ಬ್ಯಾಂಕಿಗೆ ಬಂದ 412ನೇ ಹಾಳೆಯಲ್ಲಿ ಮೇಲಿನಿಂದ ಮೂರನೆಯದು. ಅದರ ಮೇಲಿದ್ದ ಎರಡು, ಕೆಳಗಿದ್ದ ಮೂರು ಎಲ್ಲಿ ಹೋದವೋ! 1933ರಲ್ಲಿ ಟೈಪ್ 2 ಬಂತು. ಅದರಲ್ಲಿ ಸೀರಿಯಲ್ ನಂಬರಿನ ಕೊನೆಯ ಅಕ್ಷರ ಇಲ್ಲ, ನೋಟಿನಿಂದ ನೋಟಿಗೆ ನಂಬರ್ ಒಂದೊಂದೇ ಏರುತ್ತದೆ. ಚಾರ್ಟರ್ ನಂಬರ್ ಸೀರಿಯಲ್ ನಂಬರಿನ ಪಕ್ಕದಲ್ಲೂ ಕಂದು ಬಣ್ಣದಲ್ಲಿ ಇರುತ್ತದೆ. ಎರಡೇ ವರ್ಷ ನಡೆದಿದ್ದರಿಂದ ಎಷ್ಟೋ ಬ್ಯಾಂಕುಗಳಲ್ಲಿ ಟೈಪ್ 2 ಸಿಗುವುದೇ ಕಷ್ಟ.

ಈಗ ನಾನು ಬಿದ್ದ ಹಳ್ಳ. ಮೊದಲ ವರ್ಷ ಒಂದು ಹಳೇ ಸಾಮಾನಿನ ಸಂತೆಯಲ್ಲಿ ಕಂದು ಮುದ್ರೆಯ 20 ಡಾಲರ್ ನೋಟು ಕಂಡಿತು. ಮಾರುವವನು “ಇದು ನ್ಯಾಷನಲ್, ಫಿಲಡೆಲ್ಫಿಯಾದ್ದು” ಅಂದ. ಚೌಕಾಸಿ ಮಾಡಿ ಕೊಂಡೆ, ಗೆದ್ದೆ ಅಂದುಕೊಂಡೆ. ಮನೆಗೆ ಬಂದು ನೋಡಿದರೆ ಚಾರ್ಟರ್ ನಂಬರ್ ಇರಬೇಕಾದ ಜಾಗದಲ್ಲಿ ‘ಸಿ’ ಅನ್ನುವ ಒಂದೇ ಅಕ್ಷರ. ಬ್ಯಾಂಕಿನ ಹೆಸರು ಓದಿದರೆ ಫೆಡರಲ್ ರಿಸರ್ವ್ ಬ್ಯಾಂಕ್, ಅಂದರೆ ದೇಶದ ಕೇಂದ್ರ ಬ್ಯಾಂಕಿನ ಶಾಖೆ! 1933ರ ಮಾರ್ಚ್‌ನಲ್ಲಿ ದೇಶದ ಬ್ಯಾಂಕುಗಳಿಗೆಲ್ಲ ರೂಸ್‌ವೆಲ್ಟ್ ರಜೆ ಕೊಟ್ಟಾಗ ಹಣದ ಅಭಾವ ಆಗಬಾರದು ಅಂತ, ನ್ಯಾಷನಲ್ ನೋಟಿಗೆ ಅಂತ ಇಟ್ಟಿದ್ದ ಅಚ್ಚಿನಲ್ಲೇ ತುರ್ತಾಗಿ ಹೊರಡಿಸಿದ ನೋಟು ಅದು. ಅದಕ್ಕೂ ಸಂಗ್ರಾಹಕರಿದ್ದಾರೆ, ಆದರೆ ನಾನು ಕೊಟ್ಟ ಬೆಲೆ ಅದರದ್ದಲ್ಲ. ಅವನು ಬೇಕೆಂದೇ ಹೇಳಿದನೋ, ಗೊತ್ತಿಲ್ಲದೆ ಹೇಳಿದನೋ, ಬಿಡಿ. ಓದದೆ ಕೊಂಡವನು ನಾನು. ಕಂದು ಮುದ್ರೆ ಕಂಡ ತಕ್ಷಣ ತುದಿಯಲ್ಲಿರುವುದು ಅಂಕಿಯೋ ಅಕ್ಷರವೋ ನೋಡಿ.

ಹೆಜ್ಜೆ 3: ಬ್ಯಾಂಕಿನ ಜಾತಕ ತೆಗೆಯಿರಿ

ಇದು ಪುಕ್ಕಟೆ ಕೆಲಸ, ಆದರೆ ಇದರ ಮಜವೇ ಬೇರೆ. ಚಾರ್ಟರ್ ನಂಬರ್ ಸಿಕ್ಕರೆ ಎಲ್ಲ ಸಿಕ್ಕ ಹಾಗೆ. ನಂಬರ್ 1 ಫಿಲಡೆಲ್ಫಿಯಾದ ಫಸ್ಟ್ ನ್ಯಾಷನಲ್ ಬ್ಯಾಂಕ್‌ನದು. ನೋಟು ನಿಲ್ಲುವ ಹೊತ್ತಿಗೆ ನಂಬರ್ 14 ಸಾವಿರ ದಾಟಿತ್ತು.

ನ್ಯಾಷನಲ್ ಬ್ಯಾಂಕುಗಳ ಮೇಲೆ ನಿಗಾ ಇಡುತ್ತಿದ್ದವರು ಕಂಪ್ಟ್ರೋಲರ್ ಆಫ್ ದಿ ಕರೆನ್ಸಿ. ಅವರ ವಾರ್ಷಿಕ ವರದಿಗಳಲ್ಲಿ ಬ್ಯಾಂಕಿನ ಅಧ್ಯಕ್ಷರು, ಕ್ಯಾಷಿಯರ್ ಯಾರು, ಎಷ್ಟು ನೋಟು ಚಲಾವಣೆಯಲ್ಲಿದೆ ಅನ್ನುವುದೆಲ್ಲ ಸಿಗುತ್ತದೆ. ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್‌ನ ‘ಫ್ರೇಸರ್’ ಡಿಜಿಟಲ್ ಸಂಗ್ರಹದಲ್ಲಿ ಅವನ್ನು ಸುಮ್ನೆ ಕೂತು ಓದಬಹುದು. 1961ರಲ್ಲಿ ಶುರುವಾದ ಸೊಸೈಟಿ ಆಫ್ ಪೇಪರ್ ಮನಿ ಕಲೆಕ್ಟರ್ಸ್ ಸಂಸ್ಥೆ ಬ್ಯಾಂಕುಗಳ ಇತಿಹಾಸವನ್ನು ಒಂದು ವಿಕಿಯಲ್ಲಿ ಕೂಡಿಸುತ್ತಿದೆ. ನೋಟಿನ ಅಚ್ಚಿನ ಮಾದರಿ ಪ್ರತಿಗಳು ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿವೆ. ಊರಿನ ಹಳೇ ಪತ್ರಿಕೆ ಬೇಕಾದರೆ ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ ಹುಡುಕಿ.

ಹುಡುಕುವಾಗ ಸಹಿಯ ಹೆಸರನ್ನೂ ತಾಳೆ ನೋಡಿ. ನೋಟಿನ ಮೇಲಿರುವ ಕ್ಯಾಷಿಯರ್ ಆ ವರ್ಷಗಳ ವರದಿಯಲ್ಲಿ ಇದ್ದಾರಾ? ಇದ್ದರೆ ನೋಟು ಯಾವ ವರ್ಷಗಳ ನಡುವೆ ಬ್ಯಾಂಕಿನಿಂದ ಹೊರಬಿತ್ತು ಅಂತ ಅಂದಾಜು ಸಿಗುತ್ತದೆ. ಇಲ್ಲದಿದ್ದರೆ ಸಹಾಯಕ ಕ್ಯಾಷಿಯರೋ ಉಪಾಧ್ಯಕ್ಷರೋ ಸಹಿ ಹಾಕಿರಬಹುದು. ಅಥವಾ ಮಾಸಿದ ಸಹಿಯನ್ನು ಯಾರೋ ಇತ್ತೀಚೆಗೆ ತಿದ್ದಿ ಬರೆದಿರಬಹುದು. ಅದನ್ನು ಭೂತಗನ್ನಡಿಯಲ್ಲಿ ನೋಡಿಯೇ ಹೇಳಬೇಕು.

ಹೆಜ್ಜೆ 4: ಎಷ್ಟು ಉಳಿದಿವೆ ಅಂತ ತಿಳಿದು ಬೆಲೆ ಕಟ್ಟಿ

ಇಲ್ಲಿ ಬೆಲೆ ನಿಂತಿರುವುದು ಎಷ್ಟು ಅಚ್ಚಾಯಿತು ಅನ್ನುವುದರ ಮೇಲಲ್ಲ, ಎಷ್ಟು ಉಳಿದಿದೆ ಅನ್ನುವುದರ ಮೇಲೆ. ಸಂಗ್ರಾಹಕರು ದಶಕಗಳಿಂದ ಒಂದೊಂದು ಬ್ಯಾಂಕಿನ ಉಳಿದ ನೋಟುಗಳ ಸೀರಿಯಲ್ ನಂಬರ್ ಬರೆದಿಟ್ಟು ‘ಸೆನ್ಸಸ್’ ಮಾಡಿದ್ದಾರೆ. ಜನಗಣತಿಯ ಹಾಗೆ ನೋಟುಗಣತಿ. ಒಂದು ಬ್ಯಾಂಕಿನದು ಮೂರೇ ನೋಟು ಗೊತ್ತಿದ್ದರೆ ಲೆಕ್ಕವೇ ಬೇರೆ, ಮುನ್ನೂರು ಗೊತ್ತಿದ್ದರೆ ಬೇರೆ.

ಆದರೆ ಗಣತಿಯನ್ನೇ ವೇದವಾಕ್ಯ ಅಂದುಕೊಳ್ಳಬೇಡಿ. ಯಾರದೋ ಅಜ್ಜಿಯ ಬೈಬಲಿನಿಂದ ಹತ್ತು ನೋಟು ಒಟ್ಟಿಗೆ ಹೊರಬಂದರೆ ಮೂರು ಹದಿಮೂರಾಗುತ್ತದೆ, ಬೆಲೆ ಇಳಿಯುತ್ತದೆ. ಇನ್ನೊಂದು: ಒಂದೇ ಒಂದು ಉಳಿದಿದ್ದರೂ ಅದನ್ನು ಬಯಸುವವರು ಇಬ್ಬರಾದರೂ ಇರಬೇಕು, ಅಲ್ವಾ? ಹರಾಜಿನಲ್ಲಿ ಬೆಲೆ ಏರಿಸುವುದೇ ಆ ಎರಡನೆಯವನು.

ಸುಮಾರು ಲೆಕ್ಕಕ್ಕೆ: ಸುಲಭವಾಗಿ ಸಿಗುವ ಬ್ಯಾಂಕಿನ 1929ರ 10 ಅಥವಾ 20 ಡಾಲರ್ ನೋಟು, ಓಡಾಡಿ ಸವೆದದ್ದು, 100 ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಬ್ಯಾಂಕ್ ಆಫ್ ಅಮೆರಿಕ, ನ್ಯೂಯಾರ್ಕಿನ ಚೇಸ್ ಈ ಗುಂಪಿನವು. ಊರು ಸಣ್ಣದಾದ ಹಾಗೆ ಬೆಲೆ ಏರುತ್ತದೆ. ಮುಖಬೆಲೆ ಇಲ್ಲಿ ದೊಡ್ಡ ವಿಷಯವಲ್ಲ. ಎಷ್ಟೋ ಬ್ಯಾಂಕುಗಳಲ್ಲಿ 20ಕ್ಕಿಂತ 5ರ ನೋಟೇ ತುಟ್ಟಿ, ಯಾಕೆಂದರೆ 5ರ ನೋಟು ಕೈ ಬದಲಾಯಿಸಿ ಬದಲಾಯಿಸಿ ಬೇಗ ಹಾಳಾಯಿತು.

ಬೆಲೆ ನೋಡಲು ಮಾರುವವರು ಕೇಳುವ ಮೊತ್ತ ನಂಬಬೇಡಿ, ಮಾರಾಟವಾದ ಮೊತ್ತ ನೋಡಿ. ಹೆರಿಟೇಜ್, ಸ್ಟ್ಯಾಕ್ಸ್ ಬೋವರ್ಸ್‌ನಂಥ ಹರಾಜು ಕಂಪನಿಗಳು ಹಳೆಯ ಹರಾಜುಗಳ ಫಲಿತಾಂಶವನ್ನು ಚಿತ್ರದ ಸಮೇತ ಇಟ್ಟಿರುತ್ತವೆ. ನಾಲ್ಕೈದು ಮಾರಾಟ ಒಟ್ಟಿಗೆ ಇಟ್ಟು ನೋಡಿ. ಒಂದೇ ನೋಟು ಹತ್ತು ವರ್ಷದಲ್ಲಿ ಮೂರು ಸಲ ಕೈ ಬದಲಿಸಿದ್ದೂ ಗೊತ್ತಾಗುತ್ತದೆ.

ಹೆಜ್ಜೆ 5: ಕಾಗದದ ಆರೋಗ್ಯ

ನೋಟಿನ ಸ್ಥಿತಿಗೆ 1ರಿಂದ 70ರವರೆಗೆ ಅಂಕ. ಪಿಎಂಜಿ, ಪಿಸಿಜಿಎಸ್ ಸಂಸ್ಥೆಗಳು ಅಂಕ ಕೊಟ್ಟು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿ ಕೊಡುತ್ತವೆ. 12, 15 ಬಂದರೆ ‘ಫೈನ್’. 20ರಿಂದ 35 ‘ವೆರಿ ಫೈನ್’. 60 ಅಥವಾ ಅದಕ್ಕಿಂತ ಮೇಲಾದರೆ ಚಲಾವಣೆಯನ್ನೇ ಕಾಣದ್ದು. ಸಣ್ಣ ಊರಿನ ನೋಟಿಗೆ 12 ಬಂದರೂ ಬೇಸರ ಬೇಡ. ಸಿಗುವುದೇ ಅಂಥದ್ದು. ನೂರು ಜೇಬು ಕಂಡ ನೋಟಿಗೂ ಒಂದು ಗತ್ತಿರುತ್ತದೆ.

ಅಂಕದ ಜೊತೆ ಕವರಿನ ಮೇಲಿನ ಸಣ್ಣ ಅಕ್ಷರ ಓದಿ. ‘ರಿಪೇರಿ ಆಗಿದೆ’, ‘ತೊಳೆದಿದ್ದಾರೆ’, ‘ತುಂಡು ಸೇರಿಸಿದ್ದಾರೆ’ ಅಂತ ಅಲ್ಲೇ ಬರೆದಿರುತ್ತಾರೆ. ಕವರ್ ಇಲ್ಲದ ನೋಟಾದರೆ ನೀವೇ ನೋಡಬೇಕು. ಬೆಳಕಿಗೆ ಹಿಡಿಯಿರಿ: ಸೂಜಿ ತೂತು, ತೆಳುವಾದ ಜಾಗ, ಅಂಟಿಸಿದ ಸೀಳು ಕಾಣುತ್ತದೆ. 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಗೆರೆ ನೋಡಿ. ಅಸಲಿ ನೋಟಿನ ಗೆರೆ ಕೆತ್ತಿದ ಹಾಗೆ ಚೂಪು, ಕಂಪ್ಯೂಟರ್ ಪ್ರಿಂಟಿನದು ಚುಕ್ಕೆ ಚುಕ್ಕೆ. 1929ರ ನೋಟಿನಲ್ಲಿ ಬ್ಯಾಂಕಿನ ಹೆಸರು ಆಮೇಲೆ ಒತ್ತಿದ ಅಚ್ಚು. ಹಾಗಾಗಿ ಊರಿನ ಹೆಸರು, ಚಾರ್ಟರ್ ನಂಬರ್, ಸಹಿ ಈ ಮೂರನ್ನೂ ಅದೇ ಬ್ಯಾಂಕಿನ ಇನ್ನೊಂದು ನೋಟಿನ ಚಿತ್ರದ ಪಕ್ಕ ಇಟ್ಟು ನೋಡಿ.

ಮಡಿಕೆ ಹೋಗಲಿ ಅಂತ ಇಸ್ತ್ರಿ ಹಾಕಬೇಡಿ. ನನ್ನ ಗೆಳೆಯನೊಬ್ಬ ಹಾಕಿದ. ನೋಟು ನೋಡಲು ನುಣ್ಣಗಾಯಿತು, ಆದರೆ ಕಾಗದದ ಸಹಜ ಉಬ್ಬು ತಗ್ಗೆಲ್ಲ ಹೋಗಿ ದೋಸೆ ಹಂಚಿನ ಮೇಲೆ ಒತ್ತಿದ ಹಾಗಾಯಿತು. ಬೆಲೆಯೂ ಅರ್ಧಕ್ಕಿಂತ ಕೆಳಗೆ ಬಂತು.

ಹೆಜ್ಜೆ 6: ಎಲ್ಲಿ, ಹೇಗೆ ಕೊಳ್ಳಬೇಕು

ಮೊದಲ ನೋಟನ್ನು ಕೈಯಲ್ಲಿ ಹಿಡಿದು ಕೊಳ್ಳಿ. ಜನವರಿಯಲ್ಲಿ ಫ್ಲೋರಿಡಾದಲ್ಲಿ ನಡೆಯುವ ‘ಫನ್’ ಮೇಳದಂಥ ಕಡೆ ನೂರಾರು ಮೇಜು. ಬೆಳಿಗ್ಗೆ ಸುಮ್ನೆ ಸುತ್ತಿ, ಊಟ ಆದ ಮೇಲೆ ಕೊಳ್ಳಿ. “ಈ ಕೌಂಟಿಯದ್ದು ಇದೆಯಾ?” ಅಂತ ಕೇಳಿದರೆ ಮೇಜಿನ ಕೆಳಗಿನ ಡಬ್ಬಿ ಹೊರಬರುತ್ತದೆ. ಗಡಿ ಹಾಕಿಕೊಂಡವರಿಗೆ ಈ ಮರ್ಯಾದೆ ಸಿಗುತ್ತದೆ.

ಹರಾಜಾದರೆ ಒಂದು ಲೆಕ್ಕ ಮರೆಯಬೇಡಿ. ಕೂಗಿದ ಬೆಲೆಯ ಮೇಲೆ ಕಂಪನಿಗೆ ಸಾಮಾನ್ಯವಾಗಿ 20 ಪರ್ಸೆಂಟ್ ಆಸುಪಾಸು ಸೇರುತ್ತದೆ, ಅಂಚೆ ಖರ್ಚು ಬೇರೆ. 250 ಕೂಗಿದರೆ 300 ಅಂದುಕೊಳ್ಳಿ. ಮಿತಿಯನ್ನು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ.

ಭಾರತದಲ್ಲಿದ್ದು ತರಿಸಿಕೊಳ್ಳುವವರು ಕಸ್ಟಮ್ಸ್ ಮತ್ತು ವಿದೇಶಿ ಹಣದ ನಿಯಮ ಮೊದಲೇ ವಿಚಾರಿಸಿ. ಮುಖಬೆಲೆಯ ಮಟ್ಟಿಗೆ ಈ ನೋಟುಗಳು ಅಮೆರಿಕದಲ್ಲಿ ಇಂದಿಗೂ ಚಲಾವಣೆಯ ಹಣವೇ.

ಹೆಜ್ಜೆ 7: ಇಡುವುದು, ಬರೆದಿಡುವುದು

ಪಿವಿಸಿ ಕವರ್ ಬೇಡ, ಕಾಗದ ತಿನ್ನುತ್ತದೆ. ಮೈಲಾರ್ ಅನ್ನುವ ಪಾಲಿಯೆಸ್ಟರ್ ಕವರ್ ತನ್ನಿ. ಬಿಸಿಲು, ತೇವ ಎರಡೂ ದೂರ. ಗೋಡೆಗೆ ಚೌಕಟ್ಟು ಹಾಕುವ ಆಸೆ ಇದ್ದರೆ ಬಣ್ಣದ ಪ್ರಿಂಟ್ ತೂಗುಹಾಕಿ, ಅಸಲಿ ಪೆಟ್ಟಿಗೆಯಲ್ಲಿರಲಿ.

ಪ್ರತಿ ನೋಟಿಗೂ ಒಂದು ಪುಟ ಇಡಿ: ಚಾರ್ಟರ್ ನಂಬರ್, ಸೀರಿಯಲ್ ನಂಬರ್, ಎಲ್ಲಿ, ಎಷ್ಟಕ್ಕೆ ಕೊಂಡಿರಿ, ಸಹಿ ಯಾರದು, ಬ್ಯಾಂಕ್ ಯಾವಾಗ ಮುಚ್ಚಿತು. ಗಣತಿಯಲ್ಲಿ ಇಲ್ಲದ ನೋಟಾದರೆ ಚಿತ್ರ ಕಳಿಸಿ ಸೇರಿಸಿ. ಮುಂದೆ ಮಾರುವಾಗ ಆ ದಾಖಲೆಯೂ ಕೆಲಸಕ್ಕೆ ಬರುತ್ತದೆ.

ನನ್ನ ಪುಸ್ತಕದಲ್ಲಿ ಒಂದು ಪುಟ ಖಾಲಿ ಇದೆ. ನ್ಯೂಯಾರ್ಕ್ ರಾಜ್ಯದ ಡೆಲವೇರ್ ಕೌಂಟಿಯಲ್ಲಿ ಡೆಲ್ಲಿ ಅಂತ ಒಂದು ಊರಿದೆ. ಅಲ್ಲಿನವರು ‘ಡೆಲ್-ಹೈ’ ಅನ್ನುತ್ತಾರೆ. ಎಬೆನೀಜರ್ ಫೂಟ್ ಅನ್ನುವ ಅಲ್ಲಿನ ದೊಡ್ಡ ಮನುಷ್ಯರಿಗೆ ‘ಗ್ರೇಟ್ ಮೊಗಲ್’ ಅಂತ ಅಡ್ಡಹೆಸರಿತ್ತು, ಊರಿನ ಹೆಸರು ಬಂದದ್ದು ಅದರಿಂದ. ಆ ಊರಿನ ಡೆಲವೇರ್ ನ್ಯಾಷನಲ್ ಬ್ಯಾಂಕ್ ಆಫ್ ಡೆಲ್ಲಿಯ ನೋಟಿಗೆ ಎರಡು ಸಲ ಕೂಗಿದೆ. ಎರಡೂ ಸಲ ಚೀಟಿಯಲ್ಲಿ ಬರೆದ ಮೊತ್ತ ದಾಟಿತು, ಕೈ ಇಳಿಸಿದೆ. ಎರಡನೇ ಸಲ ನನ್ನ ಹೆಂಡತಿ ಪಕ್ಕದಲ್ಲೇ ಕೂತಿದ್ದಳು. “ಡೆಲ್ಲಿ ಟಿಕೆಟ್ಟೇ ಇದಕ್ಕಿಂತ ಅಗ್ಗ ಕಣ್ರೀ” ಅಂದಳು.